ಎಳ್ಳಮಾಸಿಯ ಸೇಲು

ಗಂಗಾವತಿ
೪ ಏಪ್ರಿಲ್ ೨೦೨೫

ಕಿವಿಗೆ ಕದ ಹಾಕಿಕೊಂಡು ಕುಂತಿರುವ ದೋಸ್ತ ನಜೀರಸಾಬನಿಗೆ, ಬಾಯಿಗೆ ಕದವೇ ಇಲ್ಲದ ಯಂಕೋಬನ ನಮಸ್ಕಾರ, ಸಲಾಮು, ಈದ್ ಮುಬಾರಕ್ಕು, ಯುಗಾದಿ ಶುಭಾಶಯ, ಎಲ್ಲಾ ಒಂದೇ ಗಂಟಿನಲ್ಲಿ.

ಫೋನು ಮಾಡಿದರೆ ನೀನು ‘ಹಲೋ ಹಲೋ’ ಅಂತ ನಿನ್ನಷ್ಟಕ್ಕೆ ನೀನೇ ಮಾತಾಡಿ ಇಟ್ಟುಬಿಡುತ್ತೀ. ನಿನ್ನ ಮಗಳು ನಾಹೀದಾಳ ಮೊಬೈಲಿಗೆ ಕಳಿಸಿದರೆ ಮೊದಲು ಅವಳೇ ಓದುತ್ತಾಳೆ. ನಾನು ಬರೆಯಬೇಕಾದದ್ದು ಅವಳು ಓದಬಾರದ್ದು. ಅದಕ್ಕೇ ಅಂಚೆ. ಪೋಸ್ಟಿನವನು ಕೇಳಿದ: “ಯಜ್ಜಾ, ಈ ಕಾಲದಾಗ ಯಾರಿಗೆ ಪತ್ರ? ಲವ್ ಲೆಟರ್ ಏನು?” “ಹೂನಪಾ, ಹುಡುಗಿಗೆ ಗಡ್ಡ ಐತಿ, ಅದೊಂದ ಕೊರತಿ” ಅಂದೆ.

ನಕ್ಕೆಯೇನು? ಸಾಕು. ಇನ್ನು ಮುಂದಿನದು ನಗುವಂಥದ್ದಲ್ಲ.

ಈದ್ ದಿನ ನೀನು ಗಂಗಾವತಿಗೆ ಬಂದಿದ್ದೆಯಂತೆ. ನನಗೊಂದು ಮಾತು ಹೇಳಲಿಲ್ಲ. ಆ ಹೊತ್ತಿಗೆ ನಾನು ಮೈಕಿನ ಆಟೋ ತಗೊಂಡು ಹೇಮಗುಡ್ಡದ ಕಡೆಯ ಹಳ್ಳಿಗಳಲ್ಲಿ ಒದರುತ್ತಿದ್ದೆ. ಸಂಜೆ ತಿರುಗಿ ಬಂದಾಗ ಗೋವಿಂದರಾಜನ ಬಟ್ಟೆ ಅಂಗಡಿ ಎದುರಿನ ಚಹಾದ ಜಹೀರ ಎಲ್ಲ ಹೇಳಿದ.

ಆ ಗೋವಿಂದರಾಜ! ಇಪ್ಪತ್ತು ವರ್ಷದಿಂದ ನನ್ನ ಬಾಯಿಯನ್ನು ಬಾಡಿಗೆಗೆ ಇಟ್ಟುಕೊಂಡವನು. ನಿನ್ನ ಮಗಳನ್ನು ಐದು ವರ್ಷದಿಂದ ಸೀರೆ ವಿಭಾಗದಲ್ಲಿ ನಿಲ್ಲಿಸಿಕೊಂಡವನು. ಈ ಸಲ ಭಾನುವಾರ ಯುಗಾದಿ, ಮರುದಿನವೇ ಈದ್ ಬಂತೋ ಇಲ್ಲವೋ, ಎರಡೂ ದಿನ ಸೇಲು ಹಚ್ಚಿದ. ‘ಜೋಡಿ ಹಬ್ಬ, ಜೋಡಿ ಲಾಭ’ ಅಂತ ನನ್ನ ಬಾಯಿಂದಲೇ ಕೂಗಿಸಿದ. ನಾಹೀದಾ ಒಂದು ದಿನದ ರಜೆ ಕೇಳಿದಳಂತೆ.

“ಯಾವತ್ತು ನಿಮ್ಮ ಹಬ್ಬ?”

“ಚಂದ್ರ ಕಂಡ್ರ ಸೋಮವಾರ್ರಿ, ಕಾಣ್ಲಿಲ್ಲಂದ್ರ ಮಂಗಳವಾರ್ರಿ.”

“ಹಬ್ಬದ ತಾರೀಖ ಗೊತ್ತಿಲ್ಲದವ್ರಿಗೆ ರಜಾ ಹೆಂಗ ಕೊಡ್ಲೆವಾ? ಬುಧವಾರ ಮಾಡ್ಕೋ ಹಬ್ಬ. ಬುಧವಾರ ಸೇಲ್ ಇಲ್ಲ.”

ಮಗಳು ಬರಲಿಲ್ಲ ಅಂತ ನೀನು ನಮಾಜು ಮುಗಿಸಿ, ಹೊಸ ಜುಬ್ಬಾ ಹಾಕಿಕೊಂಡು, ಶಾವಿಗೆ ಸುರಕುಂಬಾದ ಡಬ್ಬಿ ಹಿಡಿದು ಬಸ್ಸು ಹತ್ತಿ ಬಂದಿ. ಬಾಗಿಲಲ್ಲಿ ಅವನು ‘ಏನು ಬೇಕು’ ಅಂದ. ನಿನಗೆ ಕೇಳಲಿಲ್ಲ. ನಕ್ಕೊಂತ ನಿಂತಿ. ಅವನು ನಿನ್ನನ್ನು ಹಬ್ಬದ ದಿನ ಬೇಡಲು ಬಂದವನು ಅಂದುಕೊಂಡ. ಮೂಲೆಯಲ್ಲಿ ಬಿದ್ದಿದ್ದ ಒಂದು ಕಟ್‌ಪೀಸು ತೆಗೆದು ನಿನ್ನ ಕೈಗೆ ತುರುಕಿ, “ಮುಂದ ಹೋಗು ಬಾಬಾ” ಅಂದ. ಆಳೊಬ್ಬ ಭುಜ ಹಿಡಿದು ನಿನ್ನನ್ನು ರಸ್ತೆಯ ಕಡೆ ತಿರುಗಿಸಿದ. ನಾಹೀದಾ ಮೇಲಿನ ಅಂತಸ್ತಿನಲ್ಲಿ ಸೀರೆ ಮಡಚುತ್ತಿದ್ದಳು, ಅವಳಿಗೆ ಗೊತ್ತೇ ಆಗಲಿಲ್ಲ.

ನಜೀರಾ, ಕೊಪ್ಪಳದಿಂದ ಕಾರು ಕಳಿಸಿ ಕೋಟು ಹೊಲಿಸುತ್ತಿದ್ದರು ನಿನ್ನ ಹತ್ತಿರ! ನಿನ್ನ ಕೈಗೆ ಕಟ್‌ಪೀಸು!

ಹಬ್ಬ ಅಂದರೆ ಅವನಿಗೆ ಕ್ಯಾಲೆಂಡರಿನ ಕೆಂಪು ಅಂಕಿ, ಅಷ್ಟೇ. ನಮ್ಮ ಹಬ್ಬವನ್ನು ಅವನು ಪೆಟ್ಟಿಗೆ ತುಂಬುವ ದಿನ ಮಾಡಿಕೊಂಡ. ಅವನ ಸೇಲನ್ನು ನಾನು ಸೋಲು ಮಾಡುತ್ತೇನೆ. ಅವನ ಹೆಸರನ್ನು ಊರೆಲ್ಲ ಎರಡೆರಡು ಸಲ ಕೂಗುವ ಹಾಗೆ ಮಾಡುತ್ತೇನೆ: ಗೋವಿಂದಾ, ಗೋವಿಂದ! ಹೇಗೆ, ಯಾವಾಗ, ಅದು ಇನ್ನೂ ಹೊಳೆದಿಲ್ಲ. ಹೊಳೆಯುತ್ತದೆ. ನನ್ನ ತಲೆಯಲ್ಲಿ ಕೂದಲಿಲ್ಲ ನಿಜ, ಆದರೆ ಒಳಗೆ ಇನ್ನೂ ಬೆಳೆ ಬರುತ್ತದೆ.

ನಿನ್ನ
ಯಂಕೋಬ


ಕುಷ್ಟಗಿ
೧೫ ಏಪ್ರಿಲ್ ೨೦೨೫

ಯಂಕೋಬನಿಗೆ ನಜೀರಸಾಬನ ಸಲಾಮು.

ಪತ್ರ ಮುಟ್ಟಿತು. ಗಡ್ಡದ ಹುಡುಗಿ ಅಂದದ್ದಕ್ಕೆ ನಕ್ಕೆ.

ಜಹೀರ ಹೇಳಿದ್ದು ಖರೆ. ಬದನೆಕಾಯಿ ಬಣ್ಣದ ಟೆರಿಕಾಟು, ಒಂದು ತುದಿಗೆ ಎಣ್ಣೆ ಕಲೆ. ಅದರಲ್ಲಿ ಏನೂ ಹೊಲಿಯಲು ಬರುವುದಿಲ್ಲ. ಮಷೀನು ಒರೆಸಲು ಇಟ್ಟುಕೊಂಡಿದ್ದೇನೆ. ಮಷೀನಿನ ತಕರಾರು ಏನೂ ಇಲ್ಲ.

ಹಬ್ಬಕ್ಕೆ ಸೇಲು ಇಡಬಾರದು ಅಂತ ನೀನು ಬರೆದ ಹಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ದೀಪಾವಳಿ, ರಂಜಾನು ಬರದಿದ್ದರೆ ನನ್ನಂಥ ದರ್ಜಿ ಏನು ತಿನ್ನಬೇಕು? ಹಬ್ಬದ ಮುಂದೆ ಅಂಗಡಿ ತೆರೆದಿಡುವುದು ಧರ್ಮವೇ. ಮಂದಿಗೂ ಬೇಕು, ನಮಗೂ ಬೇಕು. ಆದರೆ ಗಿರಾಕಿಯ ಹಬ್ಬ ನೋಡುವವನು ತನ್ನ ಅಂಗಡಿಯ ಆಳಿನ ಹಬ್ಬವನ್ನೂ ನೋಡಬೇಕು. ಅಳತೆ ಎರಡೂ ಕಡೆ ತಗೊಳ್ಳಬೇಕು. ಒಂದೇ ತೋಳು ಅಳೆದು ಅಂಗಿ ಹೊಲಿಯುವವನು ಅವನು. ಅಷ್ಟೇ ಅವನ ತಪ್ಪು.

ನಾಹೀದಾಗೆ ಈ ಸಂಗತಿ ಗೊತ್ತಿಲ್ಲ. ಗೊತ್ತಾದರೆ ಅದೇ ದಿನ ಕೆಲಸ ಬಿಡುತ್ತಾಳೆ, ಅವಳ ತಾಯಿಯ ಸಿಟ್ಟೇ ಅವಳಿಗೂ ಬಂದಿದೆ. ಐದು ವರ್ಷದಿಂದ ಗಂಗಾವತಿಯಲ್ಲಿ ಅವಳ ಚಿಕ್ಕವ್ವ, ಖಾಲಾ ಮೆಹರುನಬಿಯ ಮನೆಯಲ್ಲಿದ್ದು ದುಡಿಯುತ್ತಿದ್ದಾಳೆ. ಕೆಲಸ ಇರಬೇಕು, ಅವಳು ಈ ಊರಿಗೂ ಬರಬೇಕು. ನನಗಿರುವುದು ಇದೊಂದೇ ಆಸೆ. ನಿನ್ನ ಆಟದಲ್ಲಿ ಅದು ಕೆಡಬಾರದು.

ಆವತ್ತು ಹೇಮಗುಡ್ಡದ ಕಡೆ ಮಂದಿ ಇದ್ದರೇನು?

ನಜೀರಸಾಬ


ಗಂಗಾವತಿ
೨೦ ಆಗಸ್ಟ್ ೨೦೨೫

ಏ ದರ್ಜಿ ದರ್ಬಾರಿನ ದೊರೆಯೇ,

ನಾಲ್ಕು ತಿಂಗಳು ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಬೇಟೆಗೆ ಕುಂತವನು ಕೆಮ್ಮಬಾರದು. ಈಗ ಕೆಮ್ಮುತ್ತೇನೆ: ಸಿಕ್ಕಿತು!

ಗೋವಿಂದರಾಜ ನಿಮ್ಮ ಕುಷ್ಟಗಿಯಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಾನೆ. ನಿನಗೆ ಸುದ್ದಿ ಮುಟ್ಟಿರಬೇಕು. ಹೈವೇ ಪಕ್ಕದ ಎರಡಂತಸ್ತಿನ ಕಟ್ಟಡ. ಮದುವೆ ಸೀರೆಯದೇ ಒಂದು ಅಂತಸ್ತು. ಅಲ್ಲಿಗೆ ಹೊಸ ಹುಡುಗಿಯರನ್ನೇ ತಗೊಳ್ಳುತ್ತಾನಂತೆ, ಆದ್ದರಿಂದ ನಾಹೀದಾಳ ಕೂದಲೂ ಕೊಂಕುವುದಿಲ್ಲ.

ಮೊನ್ನೆ ನನ್ನನ್ನು ಕರೆಸಿದ. ಅವನು ಹುಟ್ಟಿದ್ದು ಕಾಲುವೆ ಕಡೆಯ ಆಂಧ್ರದವರ ಕ್ಯಾಂಪಿನಲ್ಲಿ. ಸುತ್ತಲೂ ಭತ್ತದ ಗದ್ದೆ, ಸಂಕ್ರಾಂತಿಯೇ ಅವರ ದೊಡ್ಡ ಹಬ್ಬ. ಎರೆಹೊಲದ ಊರಿನ ನಡೆ ಅವನಿಗೇನು ಗೊತ್ತು? ನಾನು ಅಳವಂಡಿಯಲ್ಲಿ ಹುಟ್ಟಿದವನು ಅಂತ ಅವನಿಗೆ ನೆನಪಿತ್ತು.

“ಯಂಕೋಬಣ್ಣಾ, ನಿಮ್ಮ ಕಡೆ ಮಂದಿ ಯಾವ ಹಬ್ಬಕ್ಕ ಛಲೋ ಸೀರಿ ಉಡ್ತಾರ?”

“ಎಳ್ಳಮಾಸಿಗ್ರಿ ಸಾವ್ಕಾರ್ರ.”

“ಅಮಾಸಿ ದಿನಾನ?”

“ಎಳ್ಳಮಾಸಿ ಅಂದ್ರ ಸಣ್ಣ ಅಮಾಸಿ ಅಂತ ತಿಳಿದೀರೇನ್ರಿ? ಇಳಕಲ್ ಸೀರಿ, ಮೂಗಿಗೆ ನತ್ತು, ಕೂಸು ಕುನ್ನಿ ಎಲ್ಲಾ ಸಿಂಗಾರ. ಮನ್ಯಾಗ ಒಬ್ರೂ ಕುಂದ್ರೂದಿಲ್ರಿ. ಮುಂಜಾನೆ ಎದ್ದು ಹೊರಗ ಬಿದ್ರ ಸಂಜೀಗೇ ಮನಿ.”

“ಹಂಗಾದ್ರ ಅದ ದಿನ ಅಂಗಡಿ ಸುರು ಮಾಡೂಣು!”

ನಜೀರಾ, ಒಂದು ಸುಳ್ಳು ಹೇಳಿದ್ದರೆ ನನ್ನ ನಾಲಗೆ ಸೇದಿಹೋಗಲಿ. ಎಲ್ಲರೂ ಹೊಲಕ್ಕೆ ಹೋಗುತ್ತಾರೆ ಅನ್ನುವುದೊಂದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಎಳ್ಳಮಾಸಿ ದಿನ ಊರೇ ಚರಗ ಚೆಲ್ಲಲು ಹೊಲ ಸೇರಿರುತ್ತದೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಬನ್ನಿ ಗಿಡದ ಕೆಳಗೆ ಐದು ಕಲ್ಲು ಪೂಜೆ ಮಾಡಿ, ಭೂಮಿತಾಯಿಗೆ ಉಣಿಸಿ, ತಾವೂ ಉಂಡು ಅಡ್ಡಾಗುತ್ತಾರೆ. ಬಜಾರದಲ್ಲಿ ನಾಯಿಯೂ ಇರುವುದಿಲ್ಲ, ಅದೂ ರೊಟ್ಟಿಯ ಗಂಟಿನ ಹಿಂದೆ ಹೋಗಿರುತ್ತದೆ!

ಗೋವಿಂದರಾಜ ಬ್ಯಾಂಡು ತರಿಸುತ್ತಾನೆ, ಪೆಂಡಾಲು ಹಾಕಿಸುತ್ತಾನೆ. ಎದುರಿಗೆ ಗೊಂಬೆಗಳು ಮಾತ್ರ ಸೀರೆ ಉಟ್ಟು ನಿಂತಿರುತ್ತವೆ. ಅವನು ನಿನ್ನ ಹಬ್ಬ ಕೆಡಿಸಿದ, ನಾನು ನಮ್ಮ ಹಬ್ಬದಿಂದ ಅವನನ್ನು ಕೆಡಿಸುತ್ತೇನೆ.

ನೀನು ಹೇಮಗುಡ್ಡದ ಸುದ್ದಿ ಕೇಳಿದ್ದೆ. ಅದೇನು ದೊಡ್ಡ ಸುದ್ದಿ, ಬಿಡು. ಮಂದಿ ಇದ್ದರು.

ನಿನ್ನ
ಯಂಕೋಬ


ಕುಷ್ಟಗಿ
೨ ಸೆಪ್ಟೆಂಬರ್ ೨೦೨೫

ಯಂಕೋಬನಿಗೆ ಸಲಾಮು.

ನಿನ್ನ ಪತ್ರ ಎರಡು ಸಲ ಓದಿದೆ. ನಾನು ಹೇಳುವುದು ಇಷ್ಟೇ. ಎಳ್ಳಮಾಸಿ ಅಂತ ಹೇಳಿದ್ದೀಯಲ್ಲ, ಇನ್ನು ಬದಲಿಸಬೇಡ. ಅವನು ಬೇರೆ ತಾರೀಖು ಅಂದರೂ ನೀನು ಎಳ್ಳಮಾಸಿಯನ್ನೇ ಹಿಡಿ.

ಇಲ್ಲಿ ಹೆಸರುಕಾಳು ಛಲೋ ಬಂದಿದೆ. ಮಂದಿಯ ಕೈಯಲ್ಲಿ ರೊಕ್ಕ ಓಡಾಡುತ್ತಿದೆ. ಮುಂದಿನ ವರ್ಷ ಮದುವೆಗಳು ಭಾಳ ಇವೆ ಅನ್ನುತ್ತಾರೆ.

ನಜೀರಸಾಬ


ಗಂಗಾವತಿ
೨೪ ನವೆಂಬರ್ ೨೦೨೫

ಏ ಗಡ್ಡದ ಗಿಣಿಯೇ,

‘ಬದಲಿಸಬೇಡ’ ಅಂತ ನೀನು ಬರೆದ ಆ ಒಂದು ಸಾಲು ನನ್ನ ಜೇಬಿನಲ್ಲೇ ಇದೆ. ಮೇಲೆ ಮೇಲೆ ‘ಬಿಡು ಬಿಡು’ ಅಂದರೂ ಒಳಗೆ ನೀನೂ ಕುದಿಯುತ್ತಿದ್ದೀ! ಅದನ್ನು ಓದಿ ನನಗೆ ಹತ್ತು ವರ್ಷ ಕಡಿಮೆ ಆಯಿತು.

ಕೇಳು. ಕರಪತ್ರ ಅಚ್ಚಾಗಿವೆ: ‘ಎಳ್ಳಮಾಸಿಯ ಮಹಾ ಸೇಲ್, ಡಿಸೆಂಬರ್ ಹತ್ತೊಂಬತ್ತು.’ ನನ್ನ ದನಿ ಮೊಬೈಲಿನಲ್ಲಿ ತುಂಬಿಕೊಂಡು ನಿಮ್ಮ ಕಡೆಯ ಆಟೋಗಳಿಗೆ ಕೊಟ್ಟಿದ್ದಾನೆ. “ಬರ್ರಿ ಬರ್ರಿ! ಒಂದ ಸೀರಿಗೆ ಒಂದ ಸೀರಿ ಉಚಿತ, ಹೆಂಡ್ತಿ ಮಾರಿ ಅರಳೂದು ಖಚಿತ!” ನಿನಗೆ ಕೇಳುವುದಿಲ್ಲ, ಅದೇ ಚಿಂತೆ. ನನ್ನ ಜೀವಮಾನದಲ್ಲೇ ಇಷ್ಟು ಛಲೋ ಕೂಗಿಲ್ಲ. ಸಾವಿನ ಮನೆಗೆ ಸನಾದಿ ಊದಿದ ಹಾಗೆ ಕೂಗಿದ್ದೇನೆ.

ಸೂರತ್ತಿನಿಂದ ಲಾರಿ ತುಂಬ ಮಾಲು ಬಂದಿದೆ. ಬಹುಮಾನಕ್ಕೆ ಫ್ರಿಜ್ಜು ಇಟ್ಟಿದ್ದಾನೆ. ತನ್ನ ಮಾವನ ಕಡೆಯವರಿಗೆಲ್ಲ “ಕುಷ್ಟಗಿ ಹೆಂಗ ಗೆಲ್ತೀನಿ ಬಂದು ನೋಡ್ರಿ” ಅಂತ ಹೇಳಿಕೊಂಡಿದ್ದಾನೆ. ಬರಲಿ. ಅವರ ಎದುರಿಗೇ ಆಗಲಿ. ನಿನ್ನ ಭುಜ ಹಿಡಿದು ತಿರುಗಿಸಿದ್ದಕ್ಕೆ ನಾನು ಅವನ ತಲೆಯನ್ನೇ ತಿರುಗಿಸುತ್ತೇನೆ.

ಎಂಟು ತಿಂಗಳಿಂದ ಅವನಿಗೆ ದಿನಾ ಮುಂಜಾನೆ ಕೈ ಮುಗಿಯುತ್ತಿದ್ದೇನೆ. ಮುಗಿದ ಕೈಯೊಳಗೆ ಏನಿದೆ ಅಂತ ಅವನು ನೋಡಿಲ್ಲ.

ಹದಿನೈದು ದಿನದಿಂದ ನಾಹೀದಾ ಅಂಗಡಿಯಲ್ಲಿ ಕಾಣುತ್ತಿಲ್ಲ. ಮೆಹರುನಬಿಯನ್ನು ಕೇಳಿದರೆ “ಊರಿಗೆ ಹೋಗ್ಯಾಳ್ರಿ ಮಾಮಾ” ಅಂದಳು. ನಿನಗೆ ಆರಾಮಿಲ್ಲವೇನು?

ನಿನ್ನ
ಯಂಕೋಬ


ಕುಷ್ಟಗಿ
೬ ಡಿಸೆಂಬರ್ ೨೦೨೫

ಯಂಕೋಬನಿಗೆ ಸಲಾಮು.

ನಾನು ಆರಾಮ ಇದ್ದೇನೆ. ನಾಹೀದಾ ಇಲ್ಲೇ ಇದ್ದಾಳೆ.

ಕುಷ್ಟಗಿ ಅಂಗಡಿಯ ಮ್ಯಾನೇಜರು ಅವಳೇ. ಗೋವಿಂದರಾಜ ಜೂನಿನಲ್ಲೇ ಮಾತು ಕೊಟ್ಟಿದ್ದ. ಕೈಗೆ ಬರುವ ತನಕ ಬಾಯಿ ಬಿಟ್ಟರೆ ನದರು ತಾಗುತ್ತದೆ ಅಂತ ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ.

ಅವನ ಕರಾರು ಹೀಗಿದೆ. ಮೊದಲ ದಿನದ ಸೇಲು ಏರಿದರೆ ಅಂಗಡಿ ಉಳಿಯುತ್ತದೆ, ನಾಹೀದಾ ಇಲ್ಲೇ ಇರುತ್ತಾಳೆ. ಬಿದ್ದರೆ ಸಂಕ್ರಾಂತಿಯ ಒಳಗೆ ಬಾಗಿಲು ಹಾಕುತ್ತಾನೆ, ಅವಳಿಗೆ ಗಂಗಾವತಿಯಲ್ಲೂ ಜಾಗ ಇಲ್ಲ. ಅವಳ ಜಾಗಕ್ಕೆ ಆಗಲೇ ಬೇರೆಯವರನ್ನು ತಗೊಂಡಿದ್ದಾನೆ.

ದಿನಾ ಮುಂಜಾನೆ ನನಗೆ ರೊಟ್ಟಿ ಬಡಿದಿಟ್ಟು, ಸ್ಕೂಟಿ ಹತ್ತಿ ಅಂಗಡಿಗೆ ಹೋಗುತ್ತಾಳೆ. ಐದು ವರ್ಷದ ಮೇಲೆ ಈ ಮನೆಯಲ್ಲಿ ಬಳೆ ಸಪ್ಪಳ ಆಗುತ್ತಿರಬೇಕು. ನನಗೆ ಕೇಳುವುದಿಲ್ಲ. ಬಳೆ ಅಲ್ಲಾಡುವುದು ಕಾಣುತ್ತದೆ.

ನಿನಗೆ ತಿಳಿದಿರಲಿ ಅಂತ ಬರೆದೆ.

ನಜೀರಸಾಬ


ಗಂಗಾವತಿ
೧೧ ಡಿಸೆಂಬರ್ ೨೦೨೫

ನಜೀರಾ,

ಯಾಕ ಹೇಳಲಿಲ್ಲೋ ಮಾರಾಯಾ? ನದರು ತಾಗಬಾರದು ಅಂತ ಮುಚ್ಚಿಟ್ಟಿ, ಈಗ ನಾನೇ ತಾಗಿಬಿಟ್ಟೆ. ನಮ್ಮ ನಾಹೀದಾಳ ಗೋರಿ ಅಗೆಯಲು ನಾನೇ ಮೈಕು ಹಿಡಿದೆನಲ್ಲೋ!

ನಿನ್ನ ಪತ್ರ ಕೈಗೆ ಬಂದ ಕೂಡಲೇ ಅಂಗಡಿಗೆ ಓಡಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

“ಸಾವ್ಕಾರ್ರ, ಎಳ್ಳಮಾಸಿ ಬ್ಯಾಡ್ರಿ. ಆವತ್ತು ಕುಷ್ಟಗ್ಯಾಗ ಒಬ್ರೂ ಇರೂದಿಲ್ರಿ. ಎಲ್ಲಾರೂ ಹೊಲಕ್ಕ ಹೋಗ್ತಾರ್ರಿ.”

ಅವನು ನಗಲು ಶುರು ಮಾಡಿದ. “ಸುರು ಆತು ನೋಡ್ರಿ ಯಂಕೋಬಣ್ಣನ ಆಟ!” ಅಂತ ಎಲ್ಲರನ್ನೂ ಕರೆದ. ನಿನಗೆ ನೆನಪಿದೆಯಲ್ಲ, ಹಿಂದೆ ಒಮ್ಮೆ ಅವನ ಸೇಲು ಮುಗಿಯುವ ದಿನ ನಾನು ‘ಇಂದೇ ಗೋವಿಂದರಾಜರ ಕಡೇ ದಿನ’ ಅಂತ ಊರೆಲ್ಲ ಕೂಗಿದ್ದಕ್ಕೆ ಮಂದಿ ಹಾರ ತಗೊಂಡು ಅವನ ಮನೆಗೆ ಹೋಗಿದ್ದರು. ಅದನ್ನೇ ಎಲ್ಲರಿಗೂ ಮತ್ತೆ ಹೇಳಿದ.

“ಆಟ ಅಲ್ರಿ ಇದು.”

“ಮತ್ತ ಆಗಸ್ಟಿನ್ಯಾಗ ನೀನ ಹೇಳಿದೆಲ್ಲ?”

“ತಪ್ಪು ಹೇಳಿದೆ.”

“ಖರೆ ಹೇಳು, ಯಾರು ಕಳಿಸ್ಯಾರ ನಿನ್ನ? ಆ ಹಳೇ ಬಜಾರದ ಅಂಗಡಿಯವರು ಏನರ ಕೊಟ್ಟಾರೇನು?”

ಆಗ ನಾನು ಕಾಲು ಹಿಡಿದೆ, ನಜೀರಾ. ಗಿರಾಕಿಗಳ ಎದುರಿಗೆ, ಆಳುಗಳ ಎದುರಿಗೆ. ನಿನ್ನನ್ನು ಹೊರಗೆ ಕಳಿಸಿದ ಅದೇ ಬಾಗಿಲಲ್ಲಿ ಬಗ್ಗಿ ಅವನ ಎರಡೂ ಕಾಲು ಹಿಡಿದೆ. “ತಾರೀಖು ಬದಲಿಸ್ರಿ” ಅಂದೆ. ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿ, “ವಯಸ್ಸಾತು ಯಂಕೋಬಣ್ಣಾ, ಮನಿಗೆ ಹೋಗಿ ಮಲಗು” ಅಂತ ಚಹಾ ಕುಡಿಸಿ ಕಳಿಸಿದ.

ನಾಹೀದಾಗೆ ಹೇಳು. ಅವಳಾದರೂ ಹೇಳಿದರೆ ಕೇಳಬಹುದು. ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ. ‘ಆ ಮುದುಕ ಬೇಕಂತಲೇ ಮಾಡಿದ’ ಅನ್ನಲಿ. ಏನಾದರೂ ಮಾಡು. ಕೂಡಲೇ ಬರಿ.

ಯಂಕೋಬ


ಕುಷ್ಟಗಿ
೨೨ ಡಿಸೆಂಬರ್ ೨೦೨೫

ಯಂಕೋಬನಿಗೆ ಸಲಾಮು.

ಕೂಡಲೇ ಬರಿ ಅಂದಿದ್ದೆ. ಬರೆಯಲಿಲ್ಲ. ಹನ್ನೊಂದು ದಿನ ನೀನು ನಿದ್ದೆ ಮಾಡಿರಲಿಕ್ಕಿಲ್ಲ. ಮಾಡಬಾರದು ಅಂತಲೇ ಬರೆಯಲಿಲ್ಲ.

ಎಳ್ಳಮಾಸಿಯ ದಿನ ನಡೆದದ್ದು ಹೀಗೆ. ಮುಂಜಾನೆ ಅಂಗಡಿಯ ಬಾಗಿಲು ಹಾಕಿತ್ತು. ‘ಸಂಜೆ ನಾಲ್ಕಕ್ಕೆ ಸೇಲು’ ಅಂತ ನಾಹೀದಾ ಹಿಂದಿನ ವಾರವೇ ಊರೂರಿಗೆ ಹೇಳಿ ಕಳಿಸಿದ್ದಳು. ಗೋವಿಂದರಾಜನಿಗೂ ಹೇಳಿದ್ದಳು. ಬ್ಯಾಂಡಿನವರಿಗೆ ಅರ್ಧ ದಿನದ್ದೇ ಕೊಟ್ಟರೆ ಸಾಕು ಅಂತ ಅವನು ಹೂಂ ಅಂದ. ತನ್ನ ಕೈಕೆಳಗಿನ ಹುಡುಗಿಯರಿಗೆ ಮಧ್ಯಾಹ್ನದ ತನಕ ರಜೆ ಕೊಟ್ಟಳು. ಅವರೂ ಚರಗಕ್ಕೆ ಹೋಗಿ ಉಂಡು ಬಂದರು. ಇವಳೂ ನಮ್ಮ ಓಣಿಯ ಯಮನೂರಮ್ಮನ ಹೊಲಕ್ಕೆ ಹೋಗಿ ಉಂಡು ಬಂದಳು.

ನಿಮ್ಮ ಅಳವಂಡಿಯ ಮಂದಿ ಹೊಲದಿಂದ ಕಾಲುದಾರಿ ಹಿಡಿದು ನಡೆದು ಬರುತ್ತಿದ್ದರು. ಕುಷ್ಟಗಿಯ ಮಂದಿ ಹಾಗಲ್ಲ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಎಲ್ಲರೂ ಕೂಡಿ ಹೈವೇ ಮೇಲಿಂದಲೇ ತಿರುಗುತ್ತಾರೆ. ಬೇರೆ ದಿನ ಸೀರೆ ತೋರಿಸಿದರೆ ‘ಮನ್ಯಾಗ ಕೇಳಿ ಬರ್ತೀವ್ರಿ’ ಅಂತ ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಎಳ್ಳಮಾಸಿಯ ಸಂಜೆ ಮನೆಯೇ ಟ್ರಾಲಿಯಲ್ಲಿ ಕುಂತಿರುತ್ತದೆ. ಅತ್ತೆ, ಸೊಸೆ, ಊಟಕ್ಕೆ ಕರೆದ ಬೀಗರು, ಸೋದರಮಾವ, ಎಲ್ಲರೂ. ಹೊಲದಲ್ಲಿ ಉಂಡು ಕುಂತಾಗ ಮದುವೆಯ ಮಾತೇ ಆಗಿರುತ್ತದೆ. ನಲವತ್ತು ವರ್ಷ ನಾನು ಮದುವೆಯ ಅಳತೆಗಳನ್ನು ತಗೊಂಡದ್ದು ಇದೇ ಸಂಜೆ. ರಸ್ತೆಯ ಪಕ್ಕ ಟೇಪು ಹಿಡಿದು ನಿಲ್ಲುತ್ತಿದ್ದೆ.

ಇದನ್ನು ನಾನು ಆಗಸ್ಟಿನಲ್ಲೇ ನಾಹೀದಾಗೆ ಹೇಳಿದ್ದೆ. ನಿನಗೆ ಹೇಳಲಿಲ್ಲ.

ನಾಲ್ಕೂವರೆಗೆ ಮೊದಲ ಟ್ರಾಲಿ ನಿಂತಿತು. ಯಮನೂರಮ್ಮನದೇ. ಅವರ ಮಾತನ್ನು ಆಮೇಲೆ ನಾಹೀದಾ ನನಗೆ ಬರೆದು ತೋರಿಸಿದಳು.

“ಇಳೀರಿ ಬೀಗತೇರ, ಇಲ್ಲೇ ಬಣ್ಣ ಹೇಳಿಬಿಡ್ರಿ. ನಾಳೆ ಲಗ್ನದ ಹಂದರದಾಗ ‘ಈ ಹಸರು ನಾ ಒಲ್ಲೆ’ ಅನಬ್ಯಾಡ್ರಿ.”

“ನೀವು ಹಸರು ತರ್ತೀರಿ ಅಂತ ಗೊತ್ತಿದ್ದ ನಾ ಚರಗಕ್ಕ ಬಂದೀನಿ ಯವ್ವಾ!”

ಕತ್ತಲಾಗುವ ಹೊತ್ತಿಗೆ ಅಂಗಡಿಯ ಮುಂದೆ ಟ್ರಾಲಿಗಳು ಸಾಲು ಹಚ್ಚಿದವು. ನಾನು ಎದುರಿನ ಕಟ್ಟೆಯ ಮೇಲೆ ಕುಂತು ನೋಡಿದೆ. ಮದುವೆಯ ಅಂತಸ್ತು ಖಾಲಿಯಾಯಿತು. ಗೊಂಬೆಯ ಮೈಮೇಲಿನ ಸೀರೆಯನ್ನೂ ಬಿಚ್ಚಿ ಕೊಟ್ಟರು. ಅಂಗಡಿ ಉಳಿಯಿತು. ನಾಹೀದಾ ಈ ಊರಲ್ಲೇ ಉಳಿದಳು.

ಹಾಗಾದರೆ ‘ಬದಲಿಸಬೇಡ’ ಅಂತ ಬರೆದದ್ದು ಯಾಕೆ, ಆರನೇ ತಾರೀಖಿನ ಪತ್ರ ಬರೆದದ್ದು ಯಾಕೆ ಅಂತ ಈಗ ನಿನಗೆ ತಿಳಿದಿರಬೇಕು. ತಿಳಿಯದಿದ್ದರೆ ಕೇಳು.

ನೀನು ಆವತ್ತು ಹೇಮಗುಡ್ಡದ ಕಡೆ ಇರಲಿಲ್ಲ. ಅಂಗಡಿಯ ಎದುರಿಗೇ ಬೇವಿನ ಗಿಡದ ಕೆಳಗೆ ನಿನ್ನ ಆಟೋ ನಿಂತಿತ್ತು. ನೀನು ಮುಂದಿನ ಸೀಟಿನಲ್ಲಿದ್ದೆ, ಕೈಯಲ್ಲಿ ಮೈಕು ಇತ್ತು. ಅವನು ನನ್ನ ಕೈಗೆ ಬಟ್ಟೆ ತುರುಕಿದಾಗ ನೀನು ನನ್ನನ್ನು ನೋಡಿದಿ. ಆಳು ನನ್ನ ಭುಜ ಹಿಡಿದಾಗಲೂ ನೋಡಿದಿ. ನಿನ್ನ ತುಟಿ ಆಡುತ್ತಲೇ ಇತ್ತು. ನನ್ನ ಕಿವಿ ಹೋಗಿವೆ, ಕಣ್ಣು ಹೋಗಿಲ್ಲ. ಎಂಟು ವರ್ಷದಿಂದ ನಾನು ಮಂದಿಯ ಮಾತು ಓದುವುದು ತುಟಿಯ ಮೇಲೆಯೇ. ‘ಬರ್ರಿ ಬರ್ರಿ’ ಅಂತಿದ್ದೆ ನೀನು. ನಾನು ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ತನಕ ಅದನ್ನೇ ಅಂತಿದ್ದೆ.

ಗಂಗಾವತಿಯ ಅರ್ಧ ಊರಿಗೆ ಕೇಳುವ ದನಿ ನಿನ್ನದು. ‘ಸಾವ್ಕಾರ್ರ, ಅಂವ ನಮ್ಮ ನಜೀರಸಾಬ್ರಿ’ ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಗೋವಿಂದರಾಜನ ಮೇಲೆ ನನಗೆ ಹಗೆ ಇಲ್ಲ. ಅವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನಾಲ್ಕು ದಿನದ ಮೇಲೆ ನೀನು ಪತ್ರ ಬರೆದಿ. ‘ಜಹೀರ ಹೇಳಿದ’ ಅಂತ ಬರೆದಿದ್ದೆ. ಒಂದು ಸಲ ಕೇಳಿ ನೋಡಿದೆ, ಸುಳ್ಳನ್ನೇ ಮುಂದುವರಿಸಿದಿ. ಆಗ ನಾನೂ ಹೊಲಿಯಲು ಕುಂತೆ. ನನ್ನ ಸಲುವಾಗಿ ಸೇಡು ತೀರಿಸುತ್ತೇನೆ ಅಂತ ನೀನು ಕುಣಿದೆಯಲ್ಲ, ಆ ಸೇಡು ನನ್ನ ಸಲುವಾಗಿ ಆಗಿರಲಿಲ್ಲ. ನೀನು ಸುಮ್ಮನಿದ್ದದ್ದನ್ನು ಮುಚ್ಚುವ ಸಲುವಾಗಿ ಇತ್ತು.

ನೀನು ಅವನ ಕಾಲು ಹಿಡಿಯುತ್ತೀ ಅಂತ ನನಗೆ ಗೊತ್ತಿತ್ತು. ಹಿಡಿಸಬೇಕು ಅಂತಲೇ ಆ ಪತ್ರ ಬರೆದೆ. ಅದು ನನ್ನ ಹೊಲಿಗೆಯ ಅರ್ಧ.

ಇನ್ನರ್ಧ ಜನವರಿ ಹನ್ನೊಂದಕ್ಕೆ, ಭಾನುವಾರ. ಎಳ್ಳಮಾಸಿಯ ತಾರೀಖು ಕೊಟ್ಟ ಜಾಣ ಯಂಕೋಬಣ್ಣನಿಗೆ ಕುಷ್ಟಗಿ ಅಂಗಡಿಯ ಮುಂದೆ ಸನ್ಮಾನ ಮಾಡುತ್ತಾನಂತೆ ಗೋವಿಂದರಾಜ. ಪೆಂಡಾಲು ಹಾಕಿಸುತ್ತಾನೆ. ‘ಯಂಕೋಬ ಮಾಮಾನಿಗೆ ಏನಾದ್ರೂ ಮಾಡ್ರಿ’ ಅಂತ ನಾಹೀದಾಳೇ ಅವನಿಗೆ ಹೇಳಿದಳು. ಹೇಳು ಅಂದವನು ನಾನು. ಅವನು ತನ್ನ ಕೈಯಾರೆ ನಿನಗೆ ಶಾಲು ಹೊದಿಸುತ್ತಾನೆ. ನೀನು ಒಲ್ಲೆ ಅಂದರೆ ‘ಯಾಕೆ’ ಅಂತ ಕೇಳುತ್ತಾನೆ. ಯಾಕೆ ಅಂತ ಹೇಳಿದರೆ ನಿನ್ನ ಹೊಟ್ಟೆಯಲ್ಲಿದ್ದ ವಿಷ ಹೊರಗೆ ಬರುತ್ತದೆ, ನಿನ್ನ ದೋಸ್ತನ ಮಗಳು ಅಂತ ನಾಹೀದಾಳೂ ಕೆಲಸ ಕಳಕೊಳ್ಳುತ್ತಾಳೆ. ಆದ್ದರಿಂದ ನೀನು ಬರುತ್ತೀ, ಹೊದಿಸಿಕೊಳ್ಳುತ್ತೀ.

ನಾನು ಮುಂದಿನ ಕುರ್ಚಿಯಲ್ಲಿ ಕುಂತಿರುತ್ತೇನೆ. ಅವನು ಕೊಟ್ಟಾಗ ನಗಬೇಕು. ನಾನೂ ಆವತ್ತು ನಕ್ಕೇ ತಗೊಂಡಿದ್ದೆ.

ನಜೀರಸಾಬ


ಗಂಗಾವತಿ
೨೯ ಡಿಸೆಂಬರ್ ೨೦೨೫

ನಜೀರಸಾಬನಿಗೆ,

ಬರ್ತೀನಿ. ನಗ್ತೀನಿ.

ಒಂದು ವಾರದಿಂದ ದಿನಾ ಕಾಗದ ತಗೊಂಡು ಕುಂತೆ. ಎಷ್ಟು ಬರೆದರೂ ಅದು ಮತ್ತೆ ಬಾಯಿಮಾತೇ ಆಗುತ್ತದೆ. ಹರಿದು ಹಾಕಿದೆ.

ಒಂದನ್ನು ಮಾತ್ರ ಕೇಳುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಮನೆಗೆ ಬರಬಹುದೋ? ಬಾಗಿಲಿಗೆ ಬಂದು ಹೋಗುತ್ತೇನೆ, ಒಳಗೆ ಕರೆಯದಿದ್ದರೂ ನಡೆಯುತ್ತದೆ.

ಯಂಕೋಬ


ಕುಷ್ಟಗಿ
೩ ಜನವರಿ ೨೦೨೬

ಯಂಕೋಬನಿಗೆ ಸಲಾಮು.

ಪೆಂಡಾಲಿನಿಂದ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗು. ಐದೂಕಾಲಿಗೆ ಗಂಗಾವತಿ ಬಸ್ಸು ಇದೆ.

ನಾಹೀದಾ ‘ಮಾಮಾ ಮನಿಗೆ ಬರೂದಿಲ್ಲೇನು’ ಅಂತ ಕೇಳಿದರೆ ‘ಕೆಲಸ ಐತಿ’ ಅನ್ನು. ಸುಳ್ಳು ಹೇಳುವುದು ನಿನಗೆ ಬರುತ್ತದೆ.

ಮನೆಗೆ ಯಾವಾಗ ಬರಬೇಕು ಅಂತ ನಾನು ಬರೆಯುತ್ತೇನೆ. ಬರೆಯುವ ತನಕ ಬರಬೇಡ.

ನಜೀರಸಾಬ